ಗಂಡನ ಬಾಣಲೆಗೆ ಮೋಹಿನಿಯ ನಾಲಗೆ

ಕೋಟೇಶ್ವರದಲ್ಲಿ ಮೊದಲ ಬಸ್ಸಿನ ಹಾರ್ನ್ ಕೇಳುವ ಹೊತ್ತಿಗೆ ಮೋಹಿನಿಯ ಅಡುಗೆಮನೆಯಲ್ಲಿ ಘಾಟು ಎದ್ದಿರುತ್ತದೆ. ನೆನೆಸಿದ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಚೂರು ಶುಂಠಿ ಮಿಕ್ಸಿಯಲ್ಲಿ ನುಣ್ಣಗಾಗುತ್ತಿವೆ. ಬೇಯಿಸಿ ಬಸಿದ ನೂಡಲ್ಸ್‌ಗೆ ಎಣ್ಣೆ ಸವರಿ ಬಿಳಿ ಪಂಚೆಯ ಮೇಲೆ ಹರವಿದ್ದಾರೆ. ಸಂಜೆ ಹುರಿಯುವಾಗ ಎಳೆ ಎಳೆಯಾಗಿ ಬಿಡಬೇಕಾದರೆ ಅದು ಈಗಲೇ ಆರಬೇಕು. ಅರೆದ ಮೆಣಸನ್ನು ಎಣ್ಣೆಯಲ್ಲಿ ಬಾಡಿಸಿ, ವಿನೆಗರ್ ಸುರಿದು, ಬೆರಳ ತುದಿಯಲ್ಲಿ ರುಚಿ ನೋಡುವ ಮೋಹಿನಿ ಕೊನೆಗೆ ಆ ಸಾಸಿಗೆ ಚಿಟಿಕೆ ಬೆಲ್ಲ ಉದುರಿಸುತ್ತಾರೆ.

“ಚೈನೀಸಿಗೆ ಯಾರ್ ಬೆಲ್ಲ ಹಾಕ್ತ್ರ್ ಅಂದ್ ನಗಾಡ್ತ್ರ್. ನಗಾಡ್ಲಿ. ತಿಂದಾದ್ಮೇಲೆ ನಗಾಡುವರ್ ಇಲ್ಲೆ.”

ಬಾಗಿಲ ಬಳಿ ಕುಳಿತು ಕ್ಯಾಬೇಜ್ ಹೆಚ್ಚುತ್ತಿರುವವರು ಗಂಡ ಪ್ರೇಮಾನಂದ. ಘಾಟಿಗೆ ಅವರಿಗೆ ಕೆಮ್ಮು ಬರುತ್ತದೆ, ವಾಸನೆ ಮಾತ್ರ ಬರುವುದಿಲ್ಲ. ಮುಂಬೈಯಲ್ಲಿ ಚೈನೀಸ್ ಅಡುಗೆ ಕಲಿತು ಬಂದು, ಬ್ರಹ್ಮಾವರದ ಹೋಟೆಲೊಂದರಲ್ಲಿ ಹೆಸರು ಮಾಡಿದ್ದವರು. ಕೊರೊನಾ ಜ್ವರ ಬಿಟ್ಟಿತು, ಮೂಗಿನ ವಾಸನೆಯನ್ನೂ ನಾಲಗೆಯ ರುಚಿಯನ್ನೂ ಹೊತ್ತೊಯ್ದಿತು. ಕೆಲಸಕ್ಕೆ ಮರಳಿದ ಮೇಲೆ ಉಪ್ಪು ಹೆಚ್ಚಾದ ಪ್ಲೇಟುಗಳು ಒಂದೊಂದಾಗಿ ವಾಪಸಾದವು. “ನಾಲ್ಗಿ ಸರಿ ಆದ್ಮೇಲ್ ಬಾ” ಎಂದು ಮಾಲೀಕ ಜಿತೇಂದ್ರ ಮನೆಗೆ ಕಳಿಸಿದರು.

ಆಮೇಲೆ ಪ್ರೇಮಾನಂದ ಒಲೆಯ ಹತ್ತಿರವೂ ಸುಳಿಯಲಿಲ್ಲ. ಒಂದು ಸಂಜೆ ಮಾತ್ರ ಹಟಕ್ಕೆ ಬಿದ್ದವರಂತೆ ನೂಡಲ್ಸ್ ಹುರಿದು ಹೆಂಡತಿಯ ಮುಂದಿಟ್ಟರು.

“ಹ್ವಾಯ್, ಉಪ್ಪ್ ಜಾಸ್ತಿ ಆಯ್ತ್. ಹುಳಿಯೇ ಇಲ್ಲೆ,” ಎಂದರು ಮೋಹಿನಿ.

ಪ್ರೇಮಾನಂದ ಸೌಟು ಕುಕ್ಕಿದರು. “ನಿಂಗ್ ಎಂತ ಗೊತ್ತಿತ್ ಚೈನೀಸ್?”

“ಚೈನೀಸ್ ಗೊತ್ತಿಲ್ಲೆ. ಉಪ್ಪ್ ಗೊತ್ತಿತ್.”

ಮರುದಿನ ಮೋಹಿನಿಯೇ ಒಲೆ ಹಚ್ಚಿ ಗಂಡನನ್ನು ಕರೆದರು. ಬಾಣಲೆ ಹೊಗೆಯಾಡುವಷ್ಟು ಕಾಯಬೇಕು, ಸೋಯಾ ಸಾಸ್ ನೂಡಲ್ಸಿನ ಮೇಲಲ್ಲ, ಬಾಣಲೆಯ ಅಂಚಿಗೆ ಸುರಿದು ಚುರ್ ಅನ್ನಿಸಬೇಕು, ಕಾಳುಮೆಣಸು ಕೊನೆಗೆ, ಈರುಳ್ಳಿ ಸೊಪ್ಪು ಬೆಂಕಿ ಆರಿಸಿದ ಮೇಲೆ. ಇದೆಲ್ಲ ಪ್ರೇಮಾನಂದ ಕಲಿಸಿದ್ದು. ಯಾವುದು ಎಷ್ಟು ಎಂಬುದು ಮಾತ್ರ ಮೋಹಿನಿಯ ತೀರ್ಮಾನ. ಬೀದಿಯವರು ಪಾರ್ಸೆಲ್ ಕೇಳಿದರು, ಬರಬರುತ್ತಾ ಪಕ್ಕದೂರಿನವರೂ ಕೇಳಿದರು.

ಸುದ್ದಿ ಬ್ರಹ್ಮಾವರಕ್ಕೆ ಮುಟ್ಟಿತು. ಕಳೆದ ವರ್ಷ ಒಂದು ನಿಶ್ಚಿತಾರ್ಥದ ಊಟಕ್ಕೆ ಜಿತೇಂದ್ರ ಪ್ರೇಮಾನಂದರನ್ನು ಕರೆದರು, ಕೆಲಸವನ್ನೂ ವಾಪಸು ಕೊಡುವುದಾಗಿ ಹೇಳಿದರು. ಮೋಹಿನಿಯ ಸಾಸಿನ ಬಾಟಲಿಗಳೊಂದಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಅಡುಗೆಮನೆಯ ಬಾಗಿಲಲ್ಲಿ ಜಿತೇಂದ್ರ ಮೋಹಿನಿಯನ್ನು ತಡೆದರು.

“ಇಲ್ಲೆಲ್ಲ ಗಂಡಸ್ರೇ ಅಡ್ಗಿ ಮಾಡುದ್. ಸಾಸ್ ಕೊಟ್ಟಿಕಿ, ನೀವ್ ಮನಿಗ್ ಹೋಯ್ನಿ.”

“ಇವ್ರ್ ನಾಲ್ಗಿ ನಾನೇ,” ಎಂದರು ಮೋಹಿನಿ. “ನಾಲ್ಗಿ ಮನಿಯೊಳ್ಗೆ ಬಿಟ್ಟಿಕಿ ಅಡ್ಗಿ ಮಾಡುಕ್ ಆತ್ತಾ?”

ಪ್ರೇಮಾನಂದ ಆಗಷ್ಟೇ ಕಟ್ಟಿಕೊಂಡಿದ್ದ ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟರು. “ಅವ್ಳ್ ಹೊರ್ಗ್ ಆರೆ, ನಾನೂ ಹೊರ್ಗೆ.”

ಸಾಸಿನ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಇಬ್ಬರೂ ಊರಿಗೆ ಮರಳಲು ಕುಂದಾಪುರದ ಬಸ್ಸು ಹತ್ತಿದರು. “ಕೆಲ್ಸ ಹೋಯ್ತಲೆ ಅಂದ್ ಹೆದ್ರಿಕಿ ಇದ್ದಿತ್. ಆರೆ ಬೇಜಾರ್ ಆಯ್ಲಿಲ್ಲೆ,” ಎಂದು ಮೋಹಿನಿ ನೆನೆಯುತ್ತಾರೆ. ಅದೇ ವಾರ ರಸ್ತೆಗೆ ಕಾಣುವಂತೆ ಜಗಲಿಗೆ ಇನ್ನೊಂದು ಒಲೆ ಬಂತು.

ಈಗ ಸಂಜೆಯಾದರೆ ವಂಡ್ಸೆ ಕಡೆಯ ಬೈಕುಗಳೂ ಇಲ್ಲಿ ನಿಲ್ಲುತ್ತವೆ. ಪ್ರೇಮಾನಂದ ಬಾಣಲೆ ಎತ್ತಿ ಕುಲುಕುತ್ತಾರೆ. ಪಕ್ಕದಲ್ಲಿ ಚಮಚ ಹಿಡಿದು ನಿಂತ ಮೋಹಿನಿ ರುಚಿ ನೋಡಿ ತಲೆಯಾಡಿಸದೆ ಒಂದು ಪೊಟ್ಟಣವನ್ನೂ ಕಟ್ಟುವಂತಿಲ್ಲ. ಗಿರಾಕಿ ಅವಸರಿಸಿದರೂ ಅಷ್ಟೆ. ಮೊನ್ನೆ ಜಿತೇಂದ್ರ ಮತ್ತೆ ಹೇಳಿಕಳಿಸಿದ್ದಾರೆ, ಸಾಸ್ ಮಾತ್ರ ಸಾಕಂತೆ. “ಬಪ್ಪುದಾರೆ ಇಬ್ರೂ ಬತ್ತೊ” ಎಂದು ಮೋಹಿನಿ ಉತ್ತರ ಕಳಿಸಿದ್ದಾರೆ. ಅತ್ತಲಿಂದ ಇನ್ನೂ ಮಾತಿಲ್ಲ.

ನಿಮ್ಮ ಆಸೆ ಏನು ಎಂದು ಕೇಳಿದರೆ ಮೋಹಿನಿ ಗಂಡನ ಕಡೆ ನೋಡುತ್ತಾರೆ.

“ಇವ್ರಿಗೆ ವಾಸ್ನಿ ತಿರ್ಗಿ ಬರ್ಕ್. ನಾ ಮಾಡಿದ್ದ್ ಹ್ಯಾಂಗಿತ್ ಅಂದ್ ಒಂದ್ಸಲ ಇವ್ರ್ ತಿಂದ್ ಹೇಳ್ಕ್.” ಚಮಚ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ. “ಬಂದ್ರೂ ನಾ ಈ ಒಲಿ ಬುಡ ಬಿಡ್ತಿಲ್ಲೆ.”