ಹೊಸ ಸೊಸೆ ಒಡೆದ ಗಾಜು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುಬೇಸಿಗೆಯಲ್ಲಿ ನಾನು ಎಕಂಬಾದಿಂದ ಭಾಲ್ಕಿಯ ಗಂಡನ ಮನೆಗೆ ಸೇರಿದೆ. ಜಿಲ್ಲೆ ಸೇರಿದಾಗ ಪೇಢೆ ಹಂಚಿದ್ದರು. ನಾನು ಸೇರಿದ ದಿನ ಮಾವನ ಕಾರಿನ ಗಾಜು ಒಡೆಯಿತು. ತಾನಾಗಿ ಒಡೆಯಲಿಲ್ಲ, ನಾನೇ ಒಡೆದೆ. ಈಗಲೂ ಆ ಮಾತು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ಯಾರಪ್ಪನ ಗಂಟೇನು ಹೋಗುತ್ತದೆ?

ಮಾವನದು ತೊಗರಿ ವ್ಯಾಪಾರ. ಬೀದರದಲ್ಲಿದ್ದ ಒಬ್ಬ ಸಾಹೇಬರು ರಾಜ್ಯ ಒಡೆದ ಮೇಲೆ ಹೈದರಾಬಾದಿಗೆ ಹೊರಟಾಗ ಅವರ ಹಳೆಯ ಕಾರನ್ನು ಮಾವ ಕೊಂಡಿದ್ದರು. ಓಡಿಸಲು ಕಲಿಸಿದವರೂ ಅದೇ ಸಾಹೇಬರು. ಕೀಲಿ ತಿರುಗಿಸಿದರೆ ಸ್ಟೇರಿಂಗಿನ ಮುಂದೆ ಸಣ್ಣದೊಂದು ಕೆಂಪು ದೀಪ ಹತ್ತುತ್ತಿತ್ತು, ಇಂಜಿನ್ನು ಶುರುವಾದೊಡನೆ ಆರುತ್ತಿತ್ತು. ಓಡುವಾಗ ಅದೇನಾದರೂ ಹತ್ತಿದರೆ ಮೊದಲು ಗಾಡಿ ನಿಲ್ಲಿಸು, ಆಮೇಲೆ ಮಾತು ಅಂತ ಸಾಹೇಬರು ಒತ್ತಿ ಹೇಳಿದ್ದರಂತೆ.

ಅತ್ತೆಗೆ ಈ ದೀಪದ ವ್ಯವಹಾರವೇ ಸೇರುತ್ತಿರಲಿಲ್ಲ. ಮನೆಯಿಂದ ಹೊರಡುವ ಹೊತ್ತಿಗೆ ದೀಪ ಆರುವುದೆಂದರೇನು, ಅದಕ್ಕಿಂತ ಕೆಟ್ಟ ಶಕುನ ಇನ್ನೊಂದಿದೆಯೇ? ಪ್ರತಿ ಸಲ ಅದು ಆರಿದಾಗ ಕೊರಳಿನ ಲಿಂಗ ಮುಟ್ಟಿಕೊಂಡು ಶಿವ ಶಿವ ಅನ್ನುತ್ತಿದ್ದರು. ಮದುವೆಯ ಮಾರನೆಯ ದಿನ ನಮ್ಮೂರಿನಿಂದ ಹೊರಟಾಗಲೂ ಹಾಗೇ ಅಂದರು. ಮಾವ ಗಾಡಿ ಓಡಿಸುತ್ತಿದ್ದರು, ಅವರ ಪಕ್ಕದಲ್ಲಿ ಅತ್ತೆ. ಹಿಂದೆ ನಾನು, ನನ್ನ ಗಂಡ. ಊರ ಹೊರಗೆ ಬಂದ ಮೇಲೆ ನನ್ನ ನಾಯಿಯೂ ಸೇರಿತು.

ತಾಯಿ ಸತ್ತ ಮರಿಯನ್ನು ಆಡಿನ ಹಾಲು ಕುಡಿಸಿ ಸಾಕಿದ್ದೆ. ಅದು ನನ್ನ ಜೊತೆ ಬರಬೇಕೆಂದು ಲಗ್ನದ ಮಾತಿನಲ್ಲಿ ಯಾರೂ ಎತ್ತಿರಲಿಲ್ಲ, ಎತ್ತಿದ್ದರೆ ನಗುತ್ತಿದ್ದರು. ಆದರೆ ಕಾರು ಹೊರಟಾಗ ಧೂಳಿನಲ್ಲಿ ಬೆನ್ನು ಹತ್ತಿ ಓಡಿಬಂತು. ನನ್ನ ಅಳು ಕಂಡು ಅತ್ತೆ, ತವರು ಬಿಡುವಾಗ ಎಲ್ಲರೂ ಅಳುವುದೇ ಅಂದರು. ತವರಿಗಾಗಿ ಅಲ್ಲ, ನಾಯಿಗಾಗಿ ಅಂತ ನಾನು ನೇರ ಹೇಳಿಬಿಟ್ಟೆ. ಮಾವ ಹೋ ಎಂದು ನಕ್ಕು ಗಾಡಿ ನಿಲ್ಲಿಸಿ ಬಾಗಿಲು ತೆರೆದರು. ಅತ್ತೆ ಮಾತ್ರ ಸೀರೆ ಸರಿಸಿಕೊಂಡು ಕುಳಿತರು.

ನಡುದಾರಿಯ ಊರು ಠಾಣಾ ಕುಶನೂರ ಇನ್ನೇನು ಬಂತು ಅನ್ನುವಾಗ ಆ ಕೆಂಪು ದೀಪ ಹತ್ತಿತು. ಮೊದಲು ಕಂಡವರು ಅತ್ತೆ. ಅವರ ಮುಖ ಅರಳಿತು.

“ನೋಡ್ರಿ, ಓಡೂ ಗಾಡ್ಯಾಗ ದೀಪ ಹತ್ತೇದ. ಸೊಸಿ ಕಾಲ್ಗುಣ ನೋಡ್ರಿ ಇದು.”

ಮಾವನಿಗೆ ಸಾಹೇಬರ ಮಾತು ನೆನಪಿರಲಿಲ್ಲ ಅಂತಲ್ಲ. ಆದರೆ ಎಂದೂ ಆ ಗಾಡಿಯಲ್ಲಿ ನಗದಿದ್ದ ಹೆಂಡತಿ ಅವತ್ತು ನಕ್ಕಿದ್ದರು, ಊರೂ ಹತ್ತಿರವಿತ್ತು. ಅವರು ಓಡಿಸಿಯೇ ಓಡಿಸಿದರು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದು ಇಂಜಿನ್ನು ನಿಂತಿತು. ಫ್ಯಾನಿನ ಬೆಲ್ಟು ಹರಿದಿತ್ತು. ದೀಪ ಹೇಳಿದ್ದು ಅದನ್ನೇ.

ಹತ್ತಿದ ದೀಪ ನನ್ನ ಕಾಲ್ಗುಣವಾದರೆ, ಕುದಿದ ಇಂಜಿನ್ನು ಯಾರ ಕಾಲ್ಗುಣ? ಅತ್ತೆ ಒಮ್ಮೆ ನನ್ನ ಕಾಲು ನೋಡಿ ಮುಖ ತಿರುಗಿಸಿದರು. ಗಂಡನ ಮನೆಯ ಹೊಸ್ತಿಲು ಕಾಣುವ ಮೊದಲೇ ನಾನು ಕೆಟ್ಟ ಕಾಲಿನವಳಾಗಿದ್ದೆ.

ರಸ್ತೆಯ ಹತ್ತಿರವೇ ಮಾವನ ಗುರುತಿನವರ ಮನೆಯಿತ್ತು. ಹೊಸ ಮದುಮಗಳು ಬಿಸಿಲಲ್ಲಿ ನಿಲ್ಲಬಾರದು, ಬಂದವಳಿಗೆ ಉಡಿ ತುಂಬದೆ ಕಳಿಸಬಾರದು ಎಂದು ಆ ಮನೆಯಾಕೆ ನಮ್ಮನ್ನು ಒಳಗೆ ಕರೆದರು. ನಾಯಿಯನ್ನು ಒಳಗೆ ಬಿಡುವ ಹಾಗಿರಲಿಲ್ಲ. ಹೊರಗೆ ಬಿಟ್ಟರೆ ಎಕಂಬಾಕ್ಕೆ ಓಡಿಹೋದೀತು ಎಂದು ಮಾವ ಅದನ್ನು ಕಾರಿನಲ್ಲೇ ಕೂಡಿಸಿ, ಗಾಜು ಏರಿಸಿ, ಕೀಲಿ ಹಾಕಿದರು. ಒಳಗೆ ನೆರಳಿದೆ, ಅದಕ್ಕೇನು ಧಾಡಿ ಅಂದರು. ಆ ಕೀಲಿಯನ್ನು ಜೇಬಿಗಿಳಿಸಿ, ಬಂದ ಬಸ್ಸನ್ನು ಹತ್ತಿ ಬೆಲ್ಟು ತರಲು ಭಾಲ್ಕಿಗೆ ಹೋದರು. ಗಾಡಿ ಕಾಯಲು ನನ್ನ ಗಂಡ ಬೇವಿನ ಮರದ ಕೆಳಗೆ ಕುಳಿತರು.

ಮಣೆಯ ಮೇಲೆ ಕುಳಿತು ಉಡಿ ಒಡ್ಡಿದೆ. ಅಕ್ಕಿ ಬಿತ್ತು, ತೆಂಗಿನಕಾಯಿ ಬಂತು. ಹೊರಗೆ ನಾಯಿ ಬೊಗಳುತ್ತಲೇ ಇತ್ತು. ಆಮೇಲೆ ಕುಂಯ್‌ಗುಟ್ಟಿತು. ಆಮೇಲೆ ಸದ್ದೇ ಇಲ್ಲ. ಸದ್ಯ ಮಲಗಿತು ಅಂತ ಅತ್ತೆ ಸಮಾಧಾನಪಟ್ಟರು. ನನ್ನ ದನಿ ಕೇಳುವಷ್ಟು ಹತ್ತಿರದಲ್ಲಿ ಕಟ್ಟಿಹಾಕಿದರೆ ಅದು ಎಂದೂ ಮಲಗಿದ ನಾಯಿಯಲ್ಲ.

ಎದ್ದೆ. ತುಂಬಿದ ಉಡಿ ಹಿಡಿದುಕೊಂಡೇ ಓಡಿದೆ. ಅಕ್ಕಿ ಹೊಸ್ತಿಲ ಮೇಲೆ ಚೆಲ್ಲಿತು. ಹಿಂದಿನಿಂದ ಹೆಂಗಸರು ಅಯ್ಯಯ್ಯೋ ಅಂದದ್ದು ಕೇಳಿಸಿತು.

ಗಾಜಿನಿಂದ ನೋಡಿದರೆ ನಾಯಿ ಸೀಟಿನ ಮೇಲೆ ಅಡ್ಡ ಬಿದ್ದಿತ್ತು. ನಾಲಿಗೆ ಹೊರಗೆ, ಬಾಯಿಯ ತುಂಬ ನೊರೆ, ಹೊಟ್ಟೆ ಮಾತ್ರ ಪಟಪಟ ಬಡಿಯುತ್ತಿತ್ತು. ಬಾಗಿಲು ತೆಗೆಯಿರಿ ಅಂತ ಗಂಡನಿಗೆ ಹೇಳಿದೆ. ಅವರಿಗೆ ನಾನು ಹೇಳಿದ ಮೊಟ್ಟಮೊದಲ ಮಾತು ಅದು.

“ಕೀಲಿ ಅಪ್ಪಾರ ಬಲ್ಲಿ ಅದ. ಅವರು ಬರಲಿ ತಡಿ,” ಅಂದರು. ಪಾಪ, ಒಳ್ಳೆಯ ಮನುಷ್ಯ. ಜೀವನಪೂರ್ತಿ ಎಲ್ಲದಕ್ಕೂ ತಡಿ ಅಂದವರೇ.

ನಾನು ತಡೆಯಲಿಲ್ಲ. ಕೈಯಲ್ಲಿದ್ದದ್ದು ಉಡಿಯ ತೆಂಗಿನಕಾಯಿ, ಅದರಿಂದಲೇ ಬೀಸಿ ಹೊಡೆದೆ. ಕಾಯಿ ಒಡೆಯಿತು, ಗಾಜು ಒಡೆಯಲಿಲ್ಲ. ರಸ್ತೆಬದಿಯ ಕಲ್ಲು ಎತ್ತಿಕೊಂಡೆ. ಎರಡನೆಯ ಏಟಿಗೆ ಗಾಜು ಒಳಗೆ ಉದುರಿತು. ಕೈ ಹಾಕಿ ಬಾಗಿಲು ತೆಗೆದು ನಾಯಿಯನ್ನು ಎಳೆದುಕೊಂಡು ಮರದ ನೆರಳಿಗೆ ಬಂದೆ. ತಲೆಯ ಮೇಲಿನ ಸೆರಗು ಎಲ್ಲಿ ಬಿತ್ತೋ, ಬಳೆ ಎಲ್ಲಿ ಒಡೆದವೋ.

ಅತ್ತೆ ಬಂದು ನಿಂತರು. ಚೆಲ್ಲಿದ ಅಕ್ಕಿ, ಹೋಳಾದ ಕಾಯಿ, ನೆಲದ ಮೇಲೆ ನಾಯಿಯನ್ನು ತಬ್ಬಿ ಕುಳಿತ ಸೊಸೆ. ಅಪಶಕುನದಲ್ಲಿ ಇನ್ನೇನು ಉಳಿದಿತ್ತು? ಮುಗಿಯಿತು, ಇಲ್ಲಿಂದಲೇ ತವರಿಗೆ ಕಳಿಸುತ್ತಾರೆ ಅಂದುಕೊಂಡೆ. ಕಳಿಸಿದರೆ ನಾಯಿಯೊಂದಿಗೆ ಹೋಗುತ್ತೇನೆ ಅಂತಲೂ ಅಂದುಕೊಂಡೆ. ಅತ್ತೆ ಒಡೆದ ಕಿಟಕಿಯಲ್ಲಿ ಕೈ ಇಳಿಸಿ ಸೀಟು ಮುಟ್ಟಿ, ಚುರ್ ಅಂದಂತೆ ಕೈ ಹಿಂದಕ್ಕೆಳೆದುಕೊಂಡರು. ಹಾಗೇ ತಿರುಗಿ ಮನೆಯಾಕೆಯ ಕೈಯಿಂದ ಕೊಡ ಕಸಿದುಕೊಂಡು ಬಂದು, ನಾಯಿಯ ಹೊಟ್ಟೆ, ಪಾದ, ಕಿವಿಗಳ ಮೇಲೆ ತಾವೇ ನೀರು ಹುಯ್ದರು. ಇನ್ನೊಂದು ಕೊಡ ತರಿಸಿ ಅದನ್ನೂ ಹುಯ್ದರು. ನಾಯಿ ತಲೆ ಎತ್ತಿದ್ದು ಆಮೇಲೆ.

ಇಳಿಹೊತ್ತಿಗೆ ಮಾವ ಬೆಲ್ಟು ಹಿಡಿದು ಬಂದರು. ಗಾಜು ನೋಡಿ ಕೆಂಡವಾದರು. ಕಾಲಿಟ್ಟ ದಿನವೇ ಗಾಜು ಒಡೆದವಳು ನಾಳೆ ಮನೆ ಒಡೆಯುವುದಿಲ್ಲವೇ ಎಂದು ಕೂಗಾಡಿದರು. ಅತ್ತೆ ಎಲ್ಲ ಕೇಳಿಸಿಕೊಂಡರು. ಆಮೇಲೆ ತಣ್ಣಗೆ ಅಂದರು:

“ನಾಳಿ ಮಧ್ಯಾಹ್ನ ನೀವ್ ಒಳಗ ಕುಂದರ್ರಿ. ಗಾಜ ಏರಿಸಿ, ಕೀಲಿ ಹಾಕಿ, ನಾ ಬಸ್ ಹತ್ತಿ ಹೋಗ್ತೀನಿ.”

ಮಾವ ಬೆಲ್ಟು ಹಿಡಿದು ಹೋಗಿ ಬಾನೆಟ್ಟು ಎತ್ತಿದರು.

ಆ ಗಾಜು ಎಲ್ಲೂ ಸಿಗಲಿಲ್ಲ, ಬಡಿಗರಿಂದ ಅಲ್ಲಿಗೊಂದು ಹಲಗೆ ಕೂಡಿಸಿದರು. ಹಲಗೆಯ ಕಾರು ಅಂತ ಭಾಲ್ಕಿಯಲ್ಲಿ ಹೆಸರಾಯಿತು. ಯಾರಾದರೂ ಕೇಳಿದರೆ, ನಮ್ಮ ಸೊಸಿ ಒಡೆದದ್ದು ಅಂತ ಮಾವನೇ ಬೀಗಿ ಹೇಳುವಷ್ಟು ಆಯಿತು.

ಮಳೆಗಾಲ ಮುಗಿದ ಮೇಲೆ ಎಲ್ಲರೂ ಬೀದರಕ್ಕೆ ಹೊರಟೆವು. ಕೀಲಿ ತಿರುಗಿಸಿದಾಗ ಹತ್ತಿದ ದೀಪ ಇಂಜಿನ್ನಿನ ಸದ್ದಿಗೆ ಆರಿತು. ಅತ್ತೆ ಅದಕ್ಕೆ ಕೈಮುಗಿದು, ಆರಿತು, ಇನ್ನ ನಡೀರಿ ಅಂದರು. ನೌಬಾದದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎಲ್ಲರೂ ಇಳಿದೆವು, ಅತ್ತೆ ಇಳಿಯಲಿಲ್ಲ. ನಾಯಿ ಅವರ ಪಕ್ಕದಲ್ಲಿ ಮಲಗಿತ್ತು. ನೀವು ಹೋಗಿ, ನಾನು ಕೂರುತ್ತೇನೆ ಅಂದೆ. ಅವರು ಬಗ್ಗಿ ಸೀಟಿನ ಕೆಳಗಿನಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಏನನ್ನೋ ತೆಗೆದು ತೊಡೆಯ ಮೇಲಿಟ್ಟು ಬಿಚ್ಚಿದರು. ಠಾಣಾ ಕುಶನೂರಿನ ನನ್ನ ಕಲ್ಲು.

“ಇರಲಿ ಅಂತ ತಂದಿಟ್ಟೀನಿ,” ಅಂದರು. “ನೀ ಇಲ್ಲದಾಗ ನಾ ಒಡೀತೀನಿ.”