ಶನಿವಾರದ ಕೀಲಿಕೈ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಾನ್ವಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ತಿಜೋರಿಗೆ ಎರಡು ಕೀಲಿಕೈ. ಒಂದು ಮ್ಯಾನೇಜರರ ಬಳಿ, ಇನ್ನೊಂದು ಹೆಡ್ ಕ್ಯಾಷಿಯರರ ಬಳಿ. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯಬೇಕು. ಯಾರನ್ನೂ ನಂಬದ ಯಾವನೋ ಜಾಣ ಮಾಡಿದ ಏರ್ಪಾಡು. ನಾವು ಅಷ್ಟು ಕೆಟ್ಟವರಾಗಿರಲಿಲ್ಲ, ನಂಬುತ್ತಿದ್ದೆವು.

ಕ್ಯಾಷಿಯರರ ಸಂಸಾರ ದೇವದುರ್ಗದಲ್ಲಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಅವರು ಬಸ್ಸಿಗೆ ಹೊರಟಾಗ ಮ್ಯಾನೇಜರರು ಅವರ ಕೀಲಿಕೈಗೆ ಕೈ ಚಾಚುತ್ತಿದ್ದರು.

“ಬಸ್ಸಿನ್ಯಾಗ ಕಳದ್ರ ಏನ್ ಮಾಡ್ತೀರಿ? ರಿಸ್ಕ್ ಬ್ಯಾಡ್ರಿ. ನನ್ನ ಕಡಿ ಇರ್ಲಿ.”

ಇಂಥ ಕಾಳಜಿ ಹೆತ್ತ ತಾಯಿಗೂ ಇರಲಿಕ್ಕಿಲ್ಲ.

ಕ್ಯಾಷಿಯರರು ಹೋದ ಮೇಲೆ ತಿಜೋರಿಯ ಹಣವೂ ಪ್ರಯಾಣ ಹೊರಡುತ್ತಿತ್ತು. ಒಬ್ಬ ದಲಾಲನ ಕೈಯಲ್ಲಿ ಮಲ್ಲಟದ ಕಡೆ ಹೋಗಿ ಹತ್ತಿಯಾಗಿ, ರಾಯಚೂರಿನಲ್ಲಿ ಮತ್ತೆ ಹಣವಾಗಿ, ಸೋಮವಾರ ಬ್ಯಾಂಕು ತೆರೆಯುವ ಮೊದಲೇ ಸ್ವಸ್ಥಾನ ಸೇರುತ್ತಿತ್ತು. ಲಾಭ ಮ್ಯಾನೇಜರರ ಜೇಬಿಗೆ, ಮಿರ್ಚಿ ಭಜಿ ನಮ್ಮ ಹೊಟ್ಟೆಗೆ. ಆ ಹೊತ್ತಿಗೆ ಊರಲ್ಲಿರದ ಕ್ಯಾಷಿಯರರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ವಾಸನೆ ಬಡಿದಿತ್ತು. ದಲಾಲ ತಂದ ಠೇವಣಿಗಳಿಂದ ಶಾಖೆ ಗುರಿ ದಾಟಿದಾಗ ಮೇಲಿನ ಅಧಿಕಾರಿಯೊಬ್ಬರು ಬಂದು ಮ್ಯಾನೇಜರರ ಬೆನ್ನು ತಟ್ಟಿ, “ಧೈರ್ಯ ಅಂದ್ರ ಹಿಂಗಿರಬೇಕ್ರಿ” ಎಂದು ನಮಗೆ ಪಾಠ ಹೇಳಿ ಹೋದರು.

ಒಂದು ವಾರ ಹತ್ತಿಯ ದರ ಬಿತ್ತು. ಸೋಮವಾರ ದಲಾಲ ಬರಲಿಲ್ಲ, ತಪಾಸಣೆಯವರು ಬಂದರು.

ಮ್ಯಾನೇಜರರ ಮಾವ ರೈಸ್ ಮಿಲ್ಲಿನ ಧಣಿ. ಮರ್ಯಾದೆಗೆ ಅಂಜಿ ಇಡೀ ಹಣ ತಂದು ಕಟ್ಟಿದರು. ಹಣವೇ ಬಂದ ಮೇಲೆ ಕಳವು ಎಲ್ಲಿಯದು? ಅಳಿಯನಿಗೆ ರಾಯಚೂರಿನ ದೊಡ್ಡ ಶಾಖೆಗೆ ವರ್ಗವಾಯಿತು. ಹತ್ತಿಯ ಅನುಭವವಿದ್ದವರು ಅಲ್ಲಿಗೆ ಬೇಕಾಗಿತ್ತೋ ಏನೋ! ಆದರೆ ಕೀಲಿಕೈ ಕೈಬಿಟ್ಟ ತಪ್ಪೊಂದು ಉಳಿದಿತ್ತಲ್ಲ, ಅದಕ್ಕೊಬ್ಬ ಮನುಷ್ಯ ಬೇಕಿತ್ತು. ನಿವೃತ್ತಿಗೆ ಹತ್ತಿರವಾಗಿದ್ದ ಕ್ಯಾಷಿಯರರ ನೌಕರಿ, ಪಿಂಚಣಿ ಎರಡೂ ತೂಗಾಡತೊಡಗಿದವು.

ವಿಚಾರಣೆಯಲ್ಲಿ ಮ್ಯಾನೇಜರರು ಆ ಕೀಲಿಕೈಯನ್ನು ತಾವು ಕಣ್ಣಿಂದಲೂ ನೋಡಿಲ್ಲ ಎಂದರು. ಕೊಟ್ಟದ್ದಕ್ಕೆ ರಸೀದಿ ಎಲ್ಲಿ ಎಂದು ವಿಚಾರಣೆಯವರು ಕ್ಯಾಷಿಯರರನ್ನು ಕೇಳಿದರು.

“ಸಾಹೇಬ್ರಿಗೆ ರಸೀದಿ ಹೆಂಗ ಕೇಳ್ಲಿರಿ?” ಎಂದರು ಆ ಹಿರಿಯರು.

ಅವರನ್ನು ವಜಾ ಮಾಡಿದರು. ಆದೇಶ ಹಿಡಿದು ಹೊರಬಂದವರು ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ನೋಡಿದರು.

“ಅವತ್ತು ನಾ ರಸೀದಿ ಕೇಳಿದ್ರ ನೀವೆಲ್ಲಾ ನನಗ ಏನಂತಿದ್ರಿ?”

ಹುಚ್ಚ ಅನ್ನುತ್ತಿದ್ದೆವು.