ಅಕ್ಕಾರ ಬೋರ್ಡು, ನನ್ನ ಅರ್ಜಿ

ವಿಜಯವಾಡಕ್ಕೆ ವರ್ಗವಾಗಿ ಬಂದ ಮೊದಲ ದಿನವೇ ಆ ಬೋರ್ಡು ನನ್ನ ಕಣ್ಣಿಗೆ ಬಿದ್ದಿತ್ತು. ಬೆಂಜ್ ಸರ್ಕಲ್ ದಾಟಿದ ಆಟೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಬಿಸಿಲಿಗೆ ತಲೆ ಕೆಟ್ಟಿತ್ತು. ರಸ್ತೆಯಂಚಿನ ಕಬ್ಬಿಣದ ಕಂಬದಲ್ಲಿ ತೆಲುಗಿನಲ್ಲಿ ಹೋಟೆಲಿನ ಹೆಸರು, ಅದರ ಕೆಳಗೆ ಕನ್ನಡದಲ್ಲಿ ‘ರೊಟ್ಟಿ ಊಟ’, ಪಕ್ಕದ ಸಂದಿಯತ್ತ ಒಂದು ಬಾಣ. ಅಲ್ಲೇ ಇಳಿದುಬಿಟ್ಟೆ.

ಸಂದಿಯಲ್ಲಿ ಎರಡು ತಿರುವು ದಾಟಿದರೆ ನಾಲ್ಕು ಬೆಂಚಿನ ಹೋಟೆಲು. ನಡೆಸುತ್ತಿದ್ದವರು ರಾಣೆಬೆನ್ನೂರು ಕಡೆಯ ಹೆಂಗಸು. ಗಂಡನ ಕೆಲಸದಿಂದಾಗಿ ಈ ಊರಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ನಮ್ಮಂಥ ಬ್ಯಾಂಕಿನವರಿಗೆಲ್ಲ ಅವರು ಅಕ್ಕಾರು. ಹತ್ತಿರದ ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಉಳಿದ ತೆಲುಗರೂ ಬೋರ್ಡು ನೋಡಿಯೇ ಅವರ ತಿಳಿಸಾರು ಅನ್ನಕ್ಕೆ ಬರುತ್ತಿದ್ದರು. ಆ ಬೋರ್ಡಿಲ್ಲದಿದ್ದರೆ ಒಳಗೊಂದು ಹೋಟೆಲಿದೆ ಎಂದು ರಸ್ತೆಯಲ್ಲಿ ಹೋಗುವವರಿಗೆ ತಿಳಿಯುವಂತೆಯೇ ಇರಲಿಲ್ಲ.

ರಸ್ತೆಯಂಚಿನಲ್ಲಿ ಬೋರ್ಡು ನಿಲ್ಲಿಸಬಾರದೆಂಬ ನಿಯಮ ಮೊದಲಿಂದಲೂ ಇತ್ತು. ಅದಕ್ಕೆ ಅಲ್ಲಿನ ಅಂಗಡಿಯವರದೊಂದು ಪದ್ಧತಿಯೂ ಇತ್ತು. ಬೋರ್ಡು ಕಿತ್ತೊಯ್ಯುವ ಕಾರ್ಪೊರೇಷನ್ ಲಾರಿ ರಸ್ತೆಯ ಆ ತುದಿಗೆ ಬಂದರೆ ಸಾಕು, ಮೊದಲ ಅಂಗಡಿಯಿಂದ ಫೋನು ಹೊರಟು ಎಲ್ಲರ ಬೋರ್ಡೂ ಒಳಗೆ. ಅಕ್ಕಾರ ಬೋರ್ಡನ್ನು ಸಂದಿಯ ಬಾಯಲ್ಲಿದ್ದ ಹಣ್ಣಿನಂಗಡಿಯವನು ಕೊಕ್ಕೆಯಿಂದ ಇಳಿಸಿ ಬುಟ್ಟಿಗಳ ಹಿಂದೆ ಮಲಗಿಸುತ್ತಿದ್ದ. ಲಾರಿ ಹೋದ ಮೇಲೆ ಅವನೇ ಮತ್ತೆ ತೂಗುಹಾಕುತ್ತಿದ್ದ.

ನನಗೋ, ಇದನ್ನು ನೋಡಿದರೆ ಮೈ ಉರಿಯುತ್ತಿತ್ತು. ಕಾಗದದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂದು ನಂಬಿ ನೌಕರಿ ಮಾಡಿದವನು ನಾನು. ಕಳ್ಳರ ಹಾಗೆ ಯಾಕೆ ಬಚ್ಚಿಡಬೇಕು, ಅನುಮತಿ ತೆಗೆದುಕೊಂಡು ತಲೆಯೆತ್ತಿ ನಿಲ್ಲಿಸಿ ಎಂದು ಅಕ್ಕಾರಿಗೆ ಉಪದೇಶ ಮಾಡಿದೆ. ಹೆಂಗೋ ನಡದೈತಿ, ಬಿಡ್ರಿ ಅಂದರು. ನಾನು ಬಿಡಬೇಕಲ್ಲ! ಒಂದು ಭಾನುವಾರ ಟೇಪು ಹಿಡಿದು ಹೋಗಿ ಬೋರ್ಡಿನ ಉದ್ದಗಲ, ಡಾಂಬರಿನಿಂದ ಕಂಬಕ್ಕೆ ಎಷ್ಟು ಅಡಿ, ಎಲ್ಲ ಅಳೆದೆ. ಬ್ಯಾಂಕಿನಿಂದ ಸ್ಥಳ ಪರಿಶೀಲನೆಗೆ ಹೋದಾಗ ಮಾಡುತ್ತೇವಲ್ಲ, ಹಾಗೇ ಚೊಕ್ಕಟವಾಗಿ ನಕ್ಷೆ ಬಿಡಿಸಿ, ಫೋಟೋ ಅಂಟಿಸಿ, ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ನಾನು ತೋರಿಸಿದ ಕಡೆ ಅಕ್ಕಾರು ಸಹಿ ಹಾಕಿದರು. ನಾನೇ ಕಾರ್ಪೊರೇಷನ್ ಕಚೇರಿಗೆ ಹೋಗಿ ಕೊಟ್ಟು ಮುದ್ರೆ ಒತ್ತಿಸಿಕೊಂಡು ಬಂದೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಕೆಲವೇ ದಿನಗಳಲ್ಲಿ ಲಾರಿ ಬಂತು. ಈ ಸಲ ಯಾರ ಫೋನೂ ಬರಲಿಲ್ಲ. ಅದು ಬೇರೆಲ್ಲೂ ನಿಲ್ಲದೆ ನೇರ ಅಕ್ಕಾರ ಸಂದಿಯ ಬಾಯಿಗೇ ಬಂದಿತ್ತು. ಬೋರ್ಡಿನ ಜೊತೆ ಕಂಬವನ್ನೂ ಬುಡಸಮೇತ ಕಿತ್ತುಕೊಂಡು ಹೋದರು.

ಸಿಟ್ಟು ನೆತ್ತಿಗೇರಿ ಕಚೇರಿಗೆ ಹೋದೆ. ಯಾರ ದೂರಿನ ಮೇಲೆ ಕಿತ್ತಿರಿ ಎಂದು ಜೋರು ಮಾಡಿದೆ. ಮೇಜಿನ ಹಿಂದಿದ್ದ ಹೆಣ್ಣುಮಗಳು ಫೈಲು ಬಿಚ್ಚಿ ನನ್ನ ಕಡೆ ತಿರುಗಿಸಿದಳು. ಅದರಲ್ಲಿ ದೂರು ಇರಲಿಲ್ಲ. ಇದ್ದದ್ದು ನನ್ನ ಅರ್ಜಿ ಮತ್ತು ನನ್ನ ನಕ್ಷೆ. ಡಾಂಬರಿನಿಂದ ಕಂಬಕ್ಕೆ ನಾನು ಬರೆದಿದ್ದ ಅಡಿಗಳ ಕೆಳಗೆ ಕೆಂಪು ಗೆರೆ ಎಳೆದಿದ್ದರು.

“ಮೀರೇ ರಾಶಾರು ಕದಂಡಿ,” ಅಂದಳು.

ನೀವೇ ಬರೆದದ್ದಲ್ಲವೇ ಎಂದು. ದನಿಯಲ್ಲಿ ಕುಹಕವಿರಲಿಲ್ಲ. ಬರೆದು ಕೊಟ್ಟ ಮೇಲೆ ನಾವು ನೋಡಿಯೇ ಇಲ್ಲ ಅನ್ನುವುದು ಹೇಗೆ, ಹೋಟೆಲಿನ ಗೋಡೆಗೆ ಬೇಕಾದರೆ ಹಾಕಿಕೊಳ್ಳಲಿ ಎಂದು ಸಮಾಧಾನದಿಂದಲೇ ವಿವರಿಸಿದಳು. ಸಂದಿಯೊಳಗಿನ ಗೋಡೆಯನ್ನು ನೋಡುವವರು ಯಾರು? ಆದರೆ ಆ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅಕ್ಕಾರಿಗೆ ಹೇಳಬೇಕಿತ್ತು. ಇವತ್ತು, ನಾಳೆ ಅನ್ನುವಷ್ಟರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ದುವ್ವಾಡದ ಹತ್ತಿರ ಮನೆ ಹಿಡಿದೆ. ಅಲ್ಲಿಂದ ಫೋನು ಮಾಡಿದಾಗಲೆಲ್ಲ ಬಿಸಿಲು, ಮಂಡಿನೋವು ಅಂತ ಮಾತಾಡಿ ಇಟ್ಟುಬಿಡುತ್ತಿದ್ದೆ. ಹೇಡಿ ನಾನು, ಬೇರೇನಿಲ್ಲ.

ಹೋದ ತಿಂಗಳು ಮೀಟಿಂಗಿಗೆಂದು ವಿಜಯವಾಡಕ್ಕೆ ಹೋದವನು ಅನಕಾಪಲ್ಲಿ ಬೆಲ್ಲ ಕಟ್ಟಿಕೊಂಡು ಮಧ್ಯಾಹ್ನ ಆ ಸಂದಿಗೆ ಹೊಕ್ಕೆ. ಎರಡು ಬೆಂಚನ್ನು ಆಗಲೇ ಗೋಡೆಗೆ ಒರಗಿಸಿಟ್ಟಿದ್ದರು. ಅಕ್ಕಾರು ಖುಷಿಯಿಂದ ತಟ್ಟೆ ಹಾಕಿದರು. ಹಳಬರು ವರ್ಗವಾಗಿ ಹೋಗುತ್ತಾರೆ, ಹೊಸಬರಿಗೆ ದಾರಿ ಗೊತ್ತಾಗುವುದಿಲ್ಲ, ಯುಗಾದಿ ತನಕ ನೋಡಿ ಮುಚ್ಚುತ್ತೇನೆ ಎಂದು ಪಲ್ಯ ಬಡಿಸುತ್ತಾ ಹೇಳಿದರು.

“ಸಾಹೇಬ್ರ, ನೀವು ಅಷ್ಟು ಛಲೋ ಅರ್ಜಿ ಬರದಿದ್ರಿ. ಯಾರೋ ಚಾಡಿ ಹೇಳಿ ಕೆಡಿಸ್ಯಾರ. ಯಾರಂತ ಗೊತ್ತಾತೇನ್ರಿ?”

ಇಲ್ಲ ಅಕ್ಕಾರ, ಗೊತ್ತಾಗಲಿಲ್ಲ ಅಂದೆ.

“ಗೊತ್ತಾದ್ರ ನಾ ಏನ್ ಬೈಯಂಗಿಲ್ರಿ. ಇಲ್ಲೇ ಕರ್ಕೊಂಡ್ ಬಂದು ಕುಂದ್ರಿಸಿ, ಹೊಟ್ಟಿತುಂಬ ಉಣ್ಣಾಕ ನೀಡ್ತೀನಿ. ಉಣ್ಕೋತ ನೋಡ್ಲಿ, ಈ ಬೆಂಚು ಹೆಂಗ ಖಾಲಿ ಅದಾವು ಅಂತ.”

ಹೇಳುತ್ತಲೇ ಒಳಗಿನಿಂದ ಇನ್ನೊಂದು ಬಿಸಿ ರೊಟ್ಟಿ ತಂದು ನನ್ನ ತಟ್ಟೆಗೆ ಹಾಕಿದರು. ಊಟದ ಹೊತ್ತಾಗಿದ್ದರೂ ಅಲ್ಲಿ ಉಣ್ಣುತ್ತಾ ಕುಳಿತಿದ್ದವನು ನಾನೊಬ್ಬನೇ.